ಬಿಟ್ಟು ಹೋಗೋ ಹಕ್ಕು ಯಾರದು? ಹುಡುಗಿಯರ ಕಾಲೇಜು ಬ್ಯಾಸ್ಕೆಟ್‌ಬಾಲ್ ಮತ್ತು ತಂಡ ಬದಲಾವಣೆಯ ಚರಿತ್ರೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಣಾವಳ ಲೋಕಲ್‌ನಲ್ಲಿ ಕೂತು ಓದೋರಿಗೆ. ಮಾತಾಡುವಾಗ ಹಿಂದೆ ಮುಂದೆ ಆಗಿದ್ದನ್ನ ಇಲ್ಲಿ ಸ್ವಲ್ಪ ಸರಿ ಮಾಡಿದ್ದೀನಿ, ಅಷ್ಟೇ.

ವಿಷಯ ಶುರುವಾಗಿದ್ದು ಇಲ್ಲೇ, ತಳೇಗಾಂವ ದಾಭಾಡೆಯ ನಮ್ಮ ಸೊಸೈಟಿಯಲ್ಲಿ. ಪಾರ್ಕಿಂಗ್ ಪಕ್ಕ ಒಂದು ಅರ್ಧ ಕೋರ್ಟ್ ಇದೆ, ಒಂದೇ ರಿಂಗ್. ಗದಗ ಕಡೆಯ ನಮ್ಮ ನೆರೆಯವರ ಮಗಳು ಹತ್ತನೇ ಕ್ಲಾಸು, ದಿನಾ ಬೆಳಗ್ಗೆ ಅಲ್ಲಿ ಬಾಲ್ ಬಡಿಯೋ ಸದ್ದಿಗೇ ನಮಗೆ ಎಚ್ಚರ ಆಗೋದು. ಒಂದು ಭಾನುವಾರ ಅವಳಪ್ಪ ಕೇಳಿದರು: "ಏನ್ರೀ ಸರ, ಅಮೆರಿಕಾದಾಗ ಆಟದ ಮ್ಯಾಲೆ ಕಾಲೇಜ್ ಸೀಟ್ ಕೊಡ್ತಾರಂತಲ್ಲ, ನಮ್ಮ ಹುಡುಗಿಗೆ ಸಿಗಬಹುದೇನ್ರೀ?" ನೋಡಿ ಹೇಳ್ತೀನಿ ಸರ್ ಅಂದೆ. ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಹುಡುಕ್ತಾ ಹೋದ ಹಾಗೆ ಐವತ್ತು ವರ್ಷದ ಚರಿತ್ರೆ ಬಿಚ್ಚಿಕೊಂಡಿತು. ಅದರಲ್ಲಿ ನಮ್ಮ ಕಥೆಯೂ ಇದೆ, ಅಂದ್ರೆ ಕಂಪನಿ ಬದಲಾಯಿಸಿ ಬದಲಾಯಿಸಿ ಪುಣೆ ತನಕ ಬಂದವರ ಕಥೆ.

ಅಮೆರಿಕದ ಹುಡುಗಿಯರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಈಗ ಒಂದು ತಂಡ ಹೋದ ವರ್ಷ ಇದ್ದ ಹಾಗೆ ಈ ವರ್ಷ ಇರಲ್ಲ. ಅಲ್ಲಿನ ಅತಿ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ ಸುಮಾರು 360 ಕಾಲೇಜು ತಂಡಗಳಿವೆ. ತಂಡಕ್ಕೆ ಹದಿಮೂರು ಹದಿನಾಲ್ಕು ಜನ ಅಂತ ಹಿಡಿದರೂ ಐದು ಸಾವಿರದ ಹತ್ತಿರ ಆಟಗಾರ್ತಿಯರು. ಅವರಲ್ಲಿ ಸಾವಿರಕ್ಕೂ ಹೆಚ್ಚು ಜನ ಒಂದೊಂದು ಸೀಸನ್ ಮುಗಿದಾಗಲೂ "ನಾನು ಬೇರೆ ಕಡೆ ನೋಡ್ತಿದ್ದೀನಿ" ಅಂತ ಹೆಸರು ಕೊಡ್ತಾರೆ. ಐದರಲ್ಲಿ ಒಬ್ಬರಿಗಿಂತ ಹೆಚ್ಚು. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ ಅಟ್ರಿಷನ್ ಇಪ್ಪತ್ತು ಪರ್ಸೆಂಟ್ ಮೇಲೆ. ಇದನ್ನು ನೋಡಿ "ಈಗಿನ ಹುಡುಗಿಯರಿಗೆ ನಿಷ್ಠೆಯೇ ಇಲ್ಲ" ಅನ್ನೋರು ಬಹಳ ಜನ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ನಿಷ್ಠೆಯದಲ್ಲ. ಬಿಟ್ಟು ಹೋಗೋ ಹಕ್ಕು ಯಾರ ಕೈಯಲ್ಲಿತ್ತು, ಯಾರು ಅದನ್ನು ಕಿತ್ತುಕೊಂಡರು, ವಾಪಸ್ ಬಂದಾಗ ಅದರ ಬಿಲ್ ಯಾರ ತಲೆ ಮೇಲೆ ಬಿತ್ತು, ಇಷ್ಟೇ.

ಗೆರೆ ದಾಟಬಾರದು

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸೋಕೆ ಮಾಡಿದ ಆಟ. ಹತ್ತಿರದಲ್ಲೇ ಹೆಣ್ಣುಮಕ್ಕಳ ಸ್ಮಿತ್ ಕಾಲೇಜ್. ಅಲ್ಲಿನ ದೈಹಿಕ ಶಿಕ್ಷಣದ ಶಿಕ್ಷಕಿ ಸೆಂಡಾ ಬೆರೆನ್ಸನ್ 1893ರ ಮಾರ್ಚ್‌ನಲ್ಲಿ ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಪಂದ್ಯ ಆಡಿಸಿದರು. ಗಂಡಸರಿಗೆ ಒಳಗೆ ಪ್ರವೇಶ ಇರಲಿಲ್ಲ.

ಹುಡುಗಿಯರಿಗಾಗಿ ಅವರು ನಿಯಮ ತಿದ್ದಿದರು. ಕೋರ್ಟನ್ನು ಮೂರು ಭಾಗ ಮಾಡಿ ಗೆರೆ ಎಳೆದರು. ಯಾರು ಯಾವ ಭಾಗದಲ್ಲಿ ನಿಂತಿದ್ದಾರೋ ಅಲ್ಲೇ ಆಡಬೇಕು, ಗೆರೆ ದಾಟೋ ಹಾಗಿಲ್ಲ. ಅವರದು ಒಳ್ಳೇ ಉದ್ದೇಶವೇ. ಹುಡುಗಿಯರು ಓಡಿ ಓಡಿ ಸುಸ್ತಾಗಬಾರದು, ನೂಕಾಟ ಆಗಬಾರದು ಅಂತ. ಆದರೆ ಆ ಲಕ್ಷ್ಮಣರೇಖೆ ಬೇರೆ ಬೇರೆ ರೂಪದಲ್ಲಿ ಬಹಳ ವರ್ಷ ಉಳಿಯಿತು. ಮೂರು ಭಾಗ ಎರಡಾಯಿತು, ತಂಡಕ್ಕೆ ಆರು ಜನ ಆದರು, ಮೂವರು ಈ ಕಡೆ, ಮೂವರು ಆ ಕಡೆ. ಅಮೆರಿಕದ ಕಾಲೇಜು ಹುಡುಗಿಯರಿಗೆ ಐದು ಜನರ, ಪೂರ್ತಿ ಕೋರ್ಟಿನ ಆಟ ಅಧಿಕೃತವಾಗಿ ಸಿಕ್ಕಿದ್ದು 1971ರಲ್ಲಿ. ಐಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ ಆರು ಜನರ ಆಟ 1993ರ ತನಕ ನಡೆಯಿತು. ಅಂದ್ರೆ ಗೆರೆ ದಾಟಬಹುದಾ ಅನ್ನೋ ಪ್ರಶ್ನೆ ಈ ಆಟಕ್ಕೆ ಹೊಸದಲ್ಲ, ಹುಟ್ಟಿನಿಂದಲೇ ಬಂದಿದ್ದು.

ಮೊದಲು ಇದ್ದ ಸ್ವಾತಂತ್ರ್ಯ

ಅದೇ 1971ರಲ್ಲಿ ಇನ್ನೊಂದು ಘಟನೆ. ಗಂಡಸರ ಕಾಲೇಜು ಕ್ರೀಡೆ ನಡೆಸುತ್ತಿದ್ದ ದೊಡ್ಡ ಸಂಸ್ಥೆ ಎನ್‌ಸಿಎಎಗೆ ಆಗ ಹುಡುಗಿಯರ ಆಟದಲ್ಲಿ ಆಸಕ್ತಿ ಇರಲಿಲ್ಲ. ಹಾಗಾಗಿ ಮಹಿಳಾ ದೈಹಿಕ ಶಿಕ್ಷಣದ ಅಧ್ಯಾಪಕಿಯರೇ ಸೇರಿ ಎಐಎಡಬ್ಲ್ಯೂ ಅನ್ನೋ ಸಂಘಟನೆ ಕಟ್ಟಿದರು. ಗಂಡಸರ ಕಾಲೇಜು ಆಟ ದುಡ್ಡಿನ ಹಿಂದೆ ಬಿದ್ದಿದ್ದನ್ನು ಕಣ್ಣಾರೆ ಕಂಡವರು ಅವರು. ನಮ್ಮಲ್ಲಿ ಹಾಗಾಗಬಾರದು ಅಂತ ಶುರುವಿನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪನ್ನೇ ನಿಷೇಧ ಮಾಡಿದ್ದರು. ಫ್ಲೋರಿಡಾದ ಟೆನಿಸ್ ಆಟಗಾರ್ತಿಯರು ಕೋರ್ಟಿಗೆ ಹೋದ ಮೇಲೆ 1973ರಲ್ಲಿ ಅದನ್ನು ಸಡಿಲ ಮಾಡಬೇಕಾಯಿತು.

ನನಗೆ ಆಶ್ಚರ್ಯ ಆಗಿದ್ದು ಅವರ ವರ್ಗಾವಣೆ ನಿಯಮ ನೋಡಿ. ಒಬ್ಬ ಹುಡುಗಿ ಒಂದು ಕಾಲೇಜ್ ಬಿಟ್ಟು ಇನ್ನೊಂದಕ್ಕೆ ಸೇರಿದರೆ ಕೂಡಲೇ ಅಲ್ಲಿ ಆಡಬಹುದಿತ್ತು. ಅವರ ತರ್ಕ ಸರಳ: ಅವಳು ಮೊದಲು ವಿದ್ಯಾರ್ಥಿನಿ, ಆಮೇಲೆ ಆಟಗಾರ್ತಿ. ರಸಾಯನಶಾಸ್ತ್ರ ಓದೋ ಹುಡುಗಿ ಕಾಲೇಜ್ ಬದಲಾಯಿಸಿದರೆ ಒಂದು ವರ್ಷ ಲ್ಯಾಬ್‌ಗೆ ಬರಬೇಡ ಅಂತೀವಾ? ಆಟಕ್ಕೆ ಮಾತ್ರ ಯಾಕೆ?

ಈಗ ಪೋರ್ಟಲ್ ಬಂದು ಎಲ್ಲ ಹಾಳಾಯಿತು ಅನ್ನೋರಿಗೆ ಇದು ಗೊತ್ತಿರಲ್ಲ. ಹುಡುಗಿಯರ ಕಾಲೇಜು ಆಟ ಸಂಘಟಿತವಾಗಿ ಶುರುವಾಗಿದ್ದೇ ಈ ಸ್ವಾತಂತ್ರ್ಯದಿಂದ.

1972ರ ಜೂನ್‌ನಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ಹಣ ತಗೊಳ್ಳೋ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದ ಮೇಲೆ ಭೇದ ಮಾಡೋ ಹಾಗಿಲ್ಲ ಅಂತ. ಕಾಲೇಜುಗಳು ಹುಡುಗಿಯರ ಆಟಕ್ಕೂ ದುಡ್ಡು ಹಾಕಲೇಬೇಕಾಯಿತು. ದುಡ್ಡು ಬಂದ ಮೇಲೆ ಎನ್‌ಸಿಎಎಗೂ ಆಸಕ್ತಿ ಬಂತು! 1982ರಲ್ಲಿ ಅದು ತನ್ನದೇ ಮಹಿಳಾ ಚಾಂಪಿಯನ್‌ಶಿಪ್ ಶುರು ಮಾಡಿತು. ಆ ವರ್ಷ ಎರಡೆರಡು ರಾಷ್ಟ್ರೀಯ ಚಾಂಪಿಯನ್ ತಂಡಗಳು. ಎನ್‌ಸಿಎಎ ಫೈನಲ್‌ನಲ್ಲಿ ಲೂಸಿಯಾನಾ ಟೆಕ್ 76–62ರಿಂದ ಚೇನಿ ಸ್ಟೇಟನ್ನು ಸೋಲಿಸಿತು. ಎಐಎಡಬ್ಲ್ಯೂ ಫೈನಲ್‌ನಲ್ಲಿ ರಟ್‌ಗರ್ಸ್ 83–77ರಿಂದ ಟೆಕ್ಸಾಸನ್ನು ಸೋಲಿಸಿತು. ಅದೇ ಎಐಎಡಬ್ಲ್ಯೂನ ಕೊನೆಯ ಚಾಂಪಿಯನ್‌ಶಿಪ್. ಎನ್‌ಸಿಎಎ ಮೇಲೆ ಹಾಕಿದ ಕೇಸೂ ಸೋತಿತು, ಸಂಘಟನೆಯೂ ಮುಚ್ಚಿತು.

ಹುಡುಗಿಯರಿಗೆ ಟಿವಿ ಬಂತು, ಪ್ರಯಾಣದ ಖರ್ಚು ಸಿಕ್ಕಿತು, ದೊಡ್ಡ ಸ್ಟೇಡಿಯಂ ಸಿಕ್ಕಿತು. ಅದರ ಜೊತೆಗೆ ಎನ್‌ಸಿಎಎ ನಿಯಮ ಪುಸ್ತಕವೂ ಬಂತು.

ಒಂದು ವರ್ಷ ಬೆಂಚು

ಆ ಪುಸ್ತಕದ ಪ್ರಕಾರ ಬ್ಯಾಸ್ಕೆಟ್‌ಬಾಲ್ ಆಡೋ ಹುಡುಗಿ ಕಾಲೇಜ್ ಬದಲಾಯಿಸಿದರೆ ಒಂದು ವರ್ಷ ಪಂದ್ಯ ಆಡೋ ಹಾಗಿಲ್ಲ. ಪ್ರಾಕ್ಟೀಸ್ ಮಾಡಬಹುದು, ಕ್ಲಾಸಿಗೆ ಹೋಗಬಹುದು, ಪಂದ್ಯದ ದಿನ ಮಾತ್ರ ಬೆಂಚು. ಟೆನಿಸ್, ಓಟ, ಈಜು ಮುಂತಾದ ಎಷ್ಟೋ ಆಟಗಳಲ್ಲಿ ಒಂದು ಸಲ ವಿನಾಯಿತಿ ಇತ್ತು. ದುಡ್ಡು ಓಡಾಡೋ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಕೆಲವು ಆಟಗಳಲ್ಲಿ ಇರಲಿಲ್ಲ.

ಇದಕ್ಕಿಂತ ಬಿಗಿ ಇನ್ನೊಂದಿತ್ತು. 2018ರ ತನಕ, ಈಗಿರೋ ಕಾಲೇಜ್ ಒಪ್ಪಿಗೆ ಕೊಡದೆ ಬೇರೆ ಕಾಲೇಜಿನ ಕೋಚ್ ಅವಳ ಜೊತೆ ಮಾತಾಡೋ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಹೋದರೆ ಹೊಸ ಕಡೆ ಮೊದಲ ವರ್ಷ ಸ್ಕಾಲರ್‌ಶಿಪ್ಪೂ ಇಲ್ಲ. ಇತ್ತ ಕೋಚ್‌ಗೆ ಹೆಚ್ಚು ಸಂಬಳದ ಆಫರ್ ಬಂದರೆ? ಇವತ್ತು ಇಲ್ಲಿ, ಮುಂದಿನ ಸೀಸನ್ ಅಲ್ಲಿ. ಅವರಿಗೆ ಬೆಂಚ್ ಇಲ್ಲ. "ನಿನ್ನನ್ನು ಮಗಳ ಹಾಗೆ ನೋಡ್ಕೋತೀನಿ" ಅಂತ ಮನೆಗೆ ಬಂದು ಕರೆದುಕೊಂಡು ಹೋದ ಕೋಚೇ ಹೊರಟುಹೋದರೂ ಹುಡುಗಿ ಮಾತ್ರ ಅಲ್ಲೇ ಇರಬೇಕು.

ನಮ್ಮಲ್ಲಿ ಎಚ್-1ಬಿ ಮೇಲೆ ಹೋದ ಹಿರಿಯರನ್ನು ಕೇಳಿ ನೋಡಿ, ಅವರಿಗೆ ಇದು ತಕ್ಷಣ ಅರ್ಥ ಆಗುತ್ತೆ. 2000ದ ಅಕ್ಟೋಬರ್‌ಗೂ ಮುಂಚೆ ಹೊಸ ಕಂಪನಿಯ ಅರ್ಜಿ ಮಂಜೂರಾಗೋ ತನಕ ಹಳೇ ಕಂಪನಿಯಲ್ಲೇ ಇರಬೇಕಿತ್ತು. ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಆಫರ್ ಕೊಟ್ಟವರ ಮನಸ್ಸು ಬದಲಾಗಿರುತ್ತೆ. ಆ ವರ್ಷದ ಹೊಸ ಕಾನೂನು ಬಂದ ಮೇಲೆ ಅರ್ಜಿ ಹಾಕಿದ ಕೂಡಲೇ ಹೊಸ ಕಡೆ ಸೇರಬಹುದಾಯಿತು. ನಿಯಮದಲ್ಲಿ ಬದಲಾಗಿದ್ದು ಒಂದೇ ಒಂದು ಅಂಶ, ಆದರೆ ಮ್ಯಾನೇಜರ್ ಮುಂದೆ ಕೂತು ಮಾತಾಡೋ ಧಾಟಿಯೇ ಬದಲಾಯಿತು. ಬಿಟ್ಟು ಹೋಗೋಕೆ ಆಗುತ್ತೆ ಅನ್ನೋದು ಗೊತ್ತಿದ್ದರೆ, ಬಿಟ್ಟು ಹೋಗದೇ ಇದ್ದರೂ ನಮಗೊಂದು ಬೆಲೆ ಇರುತ್ತೆ.

ಕಾಲೇಜು ಹುಡುಗಿಯರಿಗೆ ಆ ಬೆಲೆ ಬರೋಕೆ ಇನ್ನೂ ಹದಿನೆಂಟು ವರ್ಷ ಬೇಕಾಯಿತು.

ಬಾಗಿಲು ತೆರೆದ ಏಳು ವರ್ಷ

2018ರ ಅಕ್ಟೋಬರ್ 15ರಂದು ಟ್ರಾನ್ಸ್‌ಫರ್ ಪೋರ್ಟಲ್ ಶುರು ಆಯಿತು. ಹೆಸರು ದೊಡ್ಡದು, ಒಳಗೆ ನೋಡಿದರೆ ಒಂದು ಸಾಧಾರಣ ಡೇಟಾಬೇಸ್, ನಮ್ಮಲ್ಲಿ ಇಂಟರ್ನ್ ಕೈಲಿ ಬರೆಸೋ ಅಂಥದ್ದು. ಆಟಗಾರ್ತಿ ಬರಹದಲ್ಲಿ ತಿಳಿಸಿದ ಎರಡು ಕೆಲಸದ ದಿನಗಳೊಳಗೆ ಕಾಲೇಜ್ ಅವಳ ಹೆಸರನ್ನು ಅದರಲ್ಲಿ ಹಾಕಲೇಬೇಕು. ಆಮೇಲೆ ಯಾವ ಕೋಚ್ ಬೇಕಾದರೂ ಮಾತಾಡಬಹುದು. ಅಲ್ಲಿಯ ತನಕ "ಹೋಗಲಾ?" ಅಂತ ಕೇಳಬೇಕಿತ್ತು. ಇನ್ನು ಮೇಲೆ "ಹೋಗ್ತಿದ್ದೀನಿ" ಅಂತ ಹೇಳಿದರೆ ಸಾಕು.

ಆದರೂ ಒಂದು ವರ್ಷದ ಬೆಂಚ್ ಹಾಗೇ ಇತ್ತು. ಕೋವಿಡ್ ಬಂತು, 2020–21ರ ಸೀಸನ್ ಲೆಕ್ಕಕ್ಕಿಲ್ಲ ಅಂತ ಎಲ್ಲರಿಗೂ ಒಂದು ವರ್ಷ ಹೆಚ್ಚುವರಿಯಾಗಿ ಕೊಟ್ಟರು. 2021ರ ಏಪ್ರಿಲ್‌ನಲ್ಲಿ, ಒಂದು ಸಲ ಬದಲಾಯಿಸಿದರೆ ಕೂಡಲೇ ಆಡಬಹುದು ಅಂತ ಆಯಿತು. ಅದೇ ವರ್ಷ ಜುಲೈ 1ರಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತ ಆಯಿತು. ಇದನ್ನೇ ಎನ್‌ಐಎಲ್ ಅನ್ನೋದು. 2023ರ ಡಿಸೆಂಬರ್‌ನಲ್ಲಿ ಓಹಾಯೋ ಸೇರಿ ಏಳು ರಾಜ್ಯಗಳು ಹಾಕಿದ ಕೇಸಿನಲ್ಲಿ ಕೋರ್ಟ್ ಎನ್‌ಸಿಎಎ ಕೈ ಕಟ್ಟಿತು. 2024ರ ಏಪ್ರಿಲ್‌ನಲ್ಲಿ ಓದಿನಲ್ಲಿ ಪಾಸಾಗುತ್ತಿದ್ದರೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು ಅಂತ ನಿಯಮವೇ ತಿದ್ದಿದರು. 2025ರ ಜೂನ್‌ನಲ್ಲಿ ಇನ್ನೊಂದು ದೊಡ್ಡ ಒಪ್ಪಂದಕ್ಕೆ ಕೋರ್ಟ್ ಸಹಿ ಬಿತ್ತು. ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಅದರಲ್ಲಿ ದೊಡ್ಡ ಪಾಲು ಹೋಗೋದು ಗಂಡಸರ ಫುಟ್‌ಬಾಲ್‌ಗೆ, ಗಂಡಸರ ಬ್ಯಾಸ್ಕೆಟ್‌ಬಾಲ್‌ಗೆ, ಇದನ್ನೂ ಹೇಳಿಬಿಡಬೇಕು.

1971ರಲ್ಲಿ ಆ ಅಧ್ಯಾಪಕಿಯರು ಕೊಟ್ಟಿದ್ದು ಕೈತಪ್ಪಿ, ಸುಮಾರು ನಾಲ್ಕು ದಶಕ ಕೋರ್ಟು ಕಚೇರಿ ಸುತ್ತಿ ವಾಪಸ್ ಬಂತು. ವ್ಯತ್ಯಾಸ ಏನು ಗೊತ್ತಾ? ಹೋಗುವಾಗ ಆಟದಲ್ಲಿ ದುಡ್ಡಿರಲಿಲ್ಲ. ವಾಪಸ್ ಬರುವಾಗ ಇತ್ತು.

ತಂಡ ಹೇಗೆ ಬದಲಾಯಿತು

ಒಂದು ಪಂದ್ಯ ನೋಡೋಣ. 2023ರ ಏಪ್ರಿಲ್ 2, ಡಲ್ಲಾಸ್, ಫೈನಲ್. ಒಂದು ಕಡೆ ಐಯೋವಾ. ವರ್ಷಗಟ್ಟಲೆ ಜೊತೆಗೆ ಆಡಿದವರು, ನಡುವೆ ಕೇಟ್ಲಿನ್ ಕ್ಲಾರ್ಕ್. ಇನ್ನೊಂದು ಕಡೆ ಕಿಮ್ ಮಲ್ಕಿ ಕೋಚ್ ಆಗಿದ್ದ ಎಲ್‌ಎಸ್‌ಯು, ಒಂಬತ್ತು ಜನ ಆ ವರ್ಷವೇ ಸೇರಿದವರು. ಏಂಜೆಲ್ ರೀಸ್ ಮೇರಿಲ್ಯಾಂಡ್ ಬಿಟ್ಟು ಬಂದವರು. ಮೊದಲರ್ಧದಲ್ಲಿ ಬೆಂಚಿನಿಂದ ಎದ್ದು ಬಂದು ಎಲ್ಲರನ್ನೂ ದಂಗುಬಡಿಸಿದ ಜಾಸ್ಮಿನ್ ಕಾರ್ಸನ್ 22 ಅಂಕ ಗಳಿಸಿದರು, ಅದು ಅವರ ಮೂರನೇ ಕಾಲೇಜ್. ಎಲ್‌ಎಸ್‌ಯು 102–85ರಿಂದ ಗೆದ್ದಿತು.

ನನಗೆ ಆ ತಂಡದಲ್ಲಿ ಹೆಚ್ಚು ಕಾಡಿದ್ದು ಅಲೆಕ್ಸಿಸ್ ಮಾರಿಸ್. ಮಲ್ಕಿ ಮೊದಲು ಬೇಲರ್ ಕಾಲೇಜಿನಲ್ಲಿ ಕೋಚ್ ಆಗಿದ್ದಾಗ ಇದೇ ಹುಡುಗಿಯನ್ನು 2018ರಲ್ಲಿ ತಂಡದಿಂದ ತೆಗೆದುಹಾಕಿದ್ದರು. ಅವಳು ರಟ್‌ಗರ್ಸ್‌ಗೆ ಹೋದಳು, ಅಲ್ಲಿಂದ ಟೆಕ್ಸಾಸ್ ಎ ಅಂಡ್ ಎಂ, ಕೊನೆಗೆ 2021ರಲ್ಲಿ ಎಲ್‌ಎಸ್‌ಯು. ತನ್ನನ್ನು ತೆಗೆದ ಕೋಚ್ ಹತ್ತಿರವೇ ವಾಪಸ್. ಫೈನಲ್‌ನಲ್ಲಿ 21 ಅಂಕ. ಹಳೇ ಕಾಲದಲ್ಲಾಗಿದ್ದರೆ ಇಷ್ಟು ಸಲ ಊರು ಬದಲಾಯಿಸಿದವಳಿಗೆ ಇಂಥ ಕೊನೆ ಸಿಗೋದು ಕಷ್ಟ ಇತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಾಡಿದ ತಪ್ಪು ಜೀವನಪರ್ಯಂತ ಹಣೆಬರಹ ಆಗಬೇಕಿಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಎರಡನೇ ಉದಾಹರಣೆ ಟಿಸಿಯು, ಟೆಕ್ಸಾಸ್‌ನ ಒಂದು ಖಾಸಗಿ ವಿಶ್ವವಿದ್ಯಾಲಯ. 2024ರ ಜನವರಿಯಲ್ಲಿ ಗಾಯದಿಂದ ಆಟಗಾರ್ತಿಯರು ಎಷ್ಟು ಕಡಿಮೆಯಾದರು ಅಂದ್ರೆ ಎರಡು ಪಂದ್ಯ ಬಿಟ್ಟುಕೊಟ್ಟರು. ಕ್ಯಾಂಪಸ್‌ನಲ್ಲಿ ಆಡೋಕೆ ಬರೋರು ಯಾರಿದ್ದೀರಿ ಬನ್ನಿ ಅಂತ ಬಹಿರಂಗ ಆಯ್ಕೆ ಇಟ್ಟರು. ಮುಂದಿನ ಸೀಸನ್‌ಗೆ ಪೋರ್ಟಲ್‌ನಿಂದ ಹೇಲಿ ವ್ಯಾನ್ ಲಿತ್ ಬಂದರು. ಲೂಯಿವಿಲ್, ಎಲ್‌ಎಸ್‌ಯು ಆದ ಮೇಲೆ ಅವರ ಮೂರನೇ ಕಾಲೇಜ್. 2025ರ ಮಾರ್ಚ್‌ನಲ್ಲಿ ಟಿಸಿಯು ಚರಿತ್ರೆಯಲ್ಲೇ ಮೊದಲ ಸಲ ಕೊನೆಯ ಎಂಟು ತಂಡಗಳಲ್ಲಿ ಒಂದು. ದಾರಿಯಲ್ಲಿ ಸೋಲಿಸಿದ್ದು ನೋಟರ್ ಡೇಮನ್ನು. ಕೆಲವೇ ದಿನದಲ್ಲಿ ಆ ನೋಟರ್ ಡೇಮ್ ತಂಡದ ತಾರೆ ಒಲಿವಿಯಾ ಮೈಲ್ಸ್ ಎಲ್ಲಿಗೆ ಹೋದರು? ತಮ್ಮನ್ನು ಸೋಲಿಸಿದ ಟಿಸಿಯುಗೆ!

ಎಲ್ಲ ವಲಸೆಯೂ ಒಂದೇ ಥರ ಅಲ್ಲ. ಕೈಟ್ಲಿನ್ ಚೆನ್ ಪ್ರಿನ್ಸ್‌ಟನ್‌ನಲ್ಲಿ ಡಿಗ್ರಿ ಮುಗಿಸಿದರು. ಆ ಕಾಲೇಜುಗಳ ಗುಂಪಿನಲ್ಲಿ ಪದವಿ ಆದ ಮೇಲೆ ಆಡೋಕೆ ಬಿಡಲ್ಲ. ಉಳಿದ ಒಂದು ವರ್ಷಕ್ಕೆ ಯುಕಾನ್‌ಗೆ ಬಂದರು, 2025ರ ಏಪ್ರಿಲ್‌ನಲ್ಲಿ ಚಾಂಪಿಯನ್ ತಂಡದಲ್ಲಿದ್ದರು. ಆ ಯುಕಾನ್‌ನ ಮುಖ್ಯ ಆಟಗಾರ್ತಿ ಪೇಜ್ ಬೆಕರ್ಸ್ ಮಾತ್ರ ಕೊನೇ ತನಕ ಅಲ್ಲೇ ಉಳಿದವರು. ಉಳಿದವರು, ಬಂದವರು ಸೇರಿ ಗೆದ್ದ ತಂಡ ಅದು.

ಬಿಲ್ ಯಾರ ತಲೆ ಮೇಲೆ

ಇಲ್ಲಿವರೆಗೂ ಕಥೆ ಚೆನ್ನಾಗಿದೆ. ಈಗ ನನ್ನ ನೆರೆಯವರ ಪ್ರಶ್ನೆಗೆ ಬರೋಣ.

ಒಂದು ತಂಡದಲ್ಲಿ ಜಾಗ ಹದಿನೈದು. ಇದು ಹೆಚ್ಚಾಗಿಲ್ಲ. ಕೋಚ್‌ಗೆ ಈ ವರ್ಷವೇ ಗೆಲ್ಲಬೇಕು, ಇಲ್ಲದಿದ್ದರೆ ಕೆಲಸ ಹೋಗುತ್ತೆ. ಒಂದು ಕಡೆ ಹದಿನೇಳು ವರ್ಷದ ಹುಡುಗಿ, ಪ್ರತಿಭೆ ಇದೆ, ಎರಡು ವರ್ಷ ತಿದ್ದಬೇಕು. ತಿದ್ದಿದ ಮೇಲೆ ಬೇರೆ ಕಡೆ ಹೋಗಿಬಿಡಬಹುದು. ಇನ್ನೊಂದು ಕಡೆ ಪೋರ್ಟಲ್‌ನಲ್ಲಿ ಇಪ್ಪತ್ತೊಂದು ವರ್ಷದವಳು, ಇದೇ ಹಂತದಲ್ಲಿ ನೂರು ಪಂದ್ಯ ಆಡಿದ್ದಾಳೆ, ನಾಳೆಯೇ ಕೋರ್ಟಿಗಿಳಿಸಬಹುದು. ನೀವಾಗಿದ್ದರೆ ಯಾರನ್ನು ತಗೋತೀರಿ?

ಇದು ನಮಗೆ ಹೊಸದಾ? ಪ್ರಾಜೆಕ್ಟ್ ಡೆಡ್‌ಲೈನ್ ಹತ್ತಿರ ಇದ್ದಾಗ ನಾವು ಫ್ರೆಶರ್ ತಗೋತೀವಾ, ಲ್ಯಾಟರಲ್ ತಗೋತೀವಾ? "ಮೂರು ವರ್ಷ ಅನುಭವ ಬೇಕು" ಅಂತ ಹಾಕಿ, ಆ ಮೂರು ವರ್ಷ ಅವರು ಎಲ್ಲಿಂದ ತರಬೇಕು ಅಂತ ಯೋಚನೆ ಮಾಡಲ್ಲ. ಬದಲಾಯಿಸೋ ಸ್ವಾತಂತ್ರ್ಯ ನಮಗೆ ಹೈಕ್ ಕೊಟ್ಟಿತು. ಅದೇ ಸ್ವಾತಂತ್ರ್ಯದ ಲೆಕ್ಕಾಚಾರ ನೋಡಿ ಕಂಪನಿಗಳು ಹೊಸಬರಿಗೆ ತರಬೇತಿ ಕೊಡೋದು ಕಡಿಮೆ ಮಾಡಿದವು. ಈ ಎರಡೂ ಒಂದೇ ನಾಣ್ಯದ್ದು.

ಚಿಕ್ಕ ಕಾಲೇಜುಗಳ ಪಾಡೂ ಹಾಗೇ. ಯಾರೂ ನೋಡದ ಹುಡುಗಿಯನ್ನು ಗುರುತಿಸಿ ಎರಡು ವರ್ಷ ತಯಾರು ಮಾಡ್ತಾರೆ, ಅವಳು ಹದಿನೆಂಟು ಅಂಕ ಹೊಡೆಯೋಕೆ ಶುರು ಮಾಡಿದ ಕೂಡಲೇ ದೊಡ್ಡ ಕಾಲೇಜಿನ ಕರೆ. ಆ ಕೋಚ್‌ಗಳು ಹೇಳೋದು ನಮ್ಮ ಗಾದೆ ಥರವೇ, ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗಾಯಿತು ಅಂತ. ಅವರ ನೋವು ನಿಜ. ಆದರೆ ಹುಡುಗಿ ಗಿಣಿಯಲ್ಲ, ಪಂಜರವೂ ಅವಳದಲ್ಲ. ಹೆಸರು ಕೊಡೋ ಅವಧಿಯನ್ನ 60 ದಿನದಿಂದ 45ಕ್ಕೆ, ಆಮೇಲೆ 30ಕ್ಕೆ ಇಳಿಸಿ ನೋಡಿದ್ದಾರೆ. ಹೋಗೋರು ಬೇಗ ಹೋಗ್ತಾರೆ, ಅಷ್ಟೇ. ಇನ್ನು ಹೆಸರು ಕೊಟ್ಟವರೆಲ್ಲ ಮೇಲಿನ ಕಾಲೇಜಿಗೇ ಹೋಗ್ತಾರೆ ಅಂತಲೂ ಇಲ್ಲ. ಹಳೇ ಕಾಲೇಜ್ ಅವರ ಸ್ಕಾಲರ್‌ಶಿಪ್ಪನ್ನ ಬೇರೆಯವರಿಗೆ ಕೊಟ್ಟಿರುತ್ತೆ, ಹೊಸ ಕಡೆ ಕರೆ ಬರದೇ ಉಳಿದವರೂ ಇದ್ದಾರೆ. ಕೈಯಲ್ಲಿ ಆಫರ್ ಇಲ್ಲದೆ ಪೇಪರ್ ಹಾಕಿದ ಹಾಗೆ.

ನಮ್ಮಲ್ಲಿ ಪೋರ್ಟಲ್ ಇಲ್ಲ, ರೈಲ್ವೆ ಇದೆ

ಇದೆಲ್ಲ ಅಮೆರಿಕದ ಸಮಾಚಾರ, ನಮಗೇನು ಅಂತೀರಾ? ಭಾರತದಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ದಶಕಗಳಿಂದ ರೂಪಿಸಿರೋದೂ ವಲಸೆಯೇ. ನಮ್ಮಲ್ಲಿ ಅದು ಕಾಲೇಜಿನಿಂದ ಕಾಲೇಜಿಗಿಂತ ಹೆಚ್ಚಾಗಿ ರಾಜ್ಯದಿಂದ ರೈಲ್ವೆಗೆ.

ಕಾರಣ ಹೊಟ್ಟೆಪಾಡು. ಬ್ಯಾಸ್ಕೆಟ್‌ಬಾಲ್ ಆಡೋ ಹುಡುಗಿಗೆ ಡಿಗ್ರಿ ಆದ ಮೇಲೆ ಪಿಂಚಣಿ ಸಮೇತ ಕೆಲಸ ಕೊಡೋರು ಯಾರಿದ್ದರು? ಕ್ರೀಡಾ ಕೋಟಾದಲ್ಲಿ ರೈಲ್ವೆ ಕೊಡುತ್ತಿತ್ತು. ಆದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ರೈಲ್ವೆ ತನ್ನದೇ ತಂಡ ಇಳಿಸುತ್ತೆ. ನೌಕರಿ ಸಿಕ್ಕಿದ ದಿನದಿಂದ ಅವಳು ಹುಟ್ಟಿದ ರಾಜ್ಯಕ್ಕೆ ಆಡಲ್ಲ, ರೈಲ್ವೆಗೆ ಆಡ್ತಾಳೆ. ಕೇರಳದ ಗೀತು ಅನ್ನಾ ಜೋಸ್ ಹೀಗೇ ರೈಲ್ವೆ ತಂಡದ ಬೆನ್ನೆಲುಬಾದರು. ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್‌ಗೆ ಆಡಿದರು, 2011ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ತಂಡಗಳ ಆಯ್ಕೆಗೂ ಹೋಗಿಬಂದರು. ನಮ್ಮ ಪುಣೆಯ ಶಿರೀನ್ ಲಿಮಯೆ, ಭಾರತ ತಂಡದ ನಾಯಕಿಯಾದವರು, ಮೊದಲು ಮಹಾರಾಷ್ಟ್ರಕ್ಕೆ ಆಡಿ ಆಮೇಲೆ ರೈಲ್ವೆಗೆ ಆಡಿದವರು. ದೇಶದ ಒಳ್ಳೊಳ್ಳೆ ಆಟಗಾರ್ತಿಯರೆಲ್ಲ ಒಂದೇ ಕಡೆ ಸೇರಿದರೆ ಏನಾಗುತ್ತೆ? ದಶಕಗಳ ಕಾಲ ಹೆಚ್ಚಿನ ಪ್ರಶಸ್ತಿ ರೈಲ್ವೆಗೇ.

ನಮ್ಮ ಹುಬ್ಬಳ್ಳಿ ನೋಡಿ. 2003ರಿಂದ ಅದು ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ. ಧಾರವಾಡದ ಹುಡುಗಿಗೆ ಅಲ್ಲಿ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು ಅಂತಿಟ್ಕೊಳ್ಳಿ. ಮನೆಯಿಂದ ಬಸ್ಸಲ್ಲಿ ಮುಕ್ಕಾಲು ಗಂಟೆ. ಊರು ಬಿಟ್ಟಿಲ್ಲ, ಭಾಷೆ ಬಿಟ್ಟಿಲ್ಲ, ಮಧ್ಯಾಹ್ನದ ರೊಟ್ಟಿ ಬುತ್ತಿ ಬಿಟ್ಟಿಲ್ಲ. ಆದರೂ ನ್ಯಾಷನಲ್ಸ್‌ನಲ್ಲಿ ಕರ್ನಾಟಕದ ಎದುರು ತಂಡದಲ್ಲಿ ನಿಂತಿರಬಹುದು!

ಇದಕ್ಕೆ ಉತ್ತರ ಹುಡುಕಿದ್ದು ಕೇರಳ. ಅಲ್ಲಿನ ವಿದ್ಯುತ್ ಮಂಡಳಿ, ಕೆಎಸ್‌ಇಬಿ, ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರಿಗೆ ಕೆಲಸ ಕೊಟ್ಟು ತಂಡ ಕಟ್ಟಿತು. ರಾಜ್ಯದ್ದೇ ಸಂಸ್ಥೆ ಆದ್ದರಿಂದ ಅವರು ಕೇರಳಕ್ಕೇ ಆಡಬಹುದು. ಭಾರತ ತಂಡದ ಪಿ.ಎಸ್. ಜೀನಾ ಅಲ್ಲಿಯವರೇ. 2018ರ ಜನವರಿಯಲ್ಲಿ ಚೆನ್ನೈನ ಫೈನಲ್‌ನಲ್ಲಿ ಕೇರಳ ರೈಲ್ವೆಯನ್ನು ಸೋಲಿಸಿತು. ಅವರು ಯಾರನ್ನೂ ಕಟ್ಟಿಹಾಕಲಿಲ್ಲ. ಉಳಿಯೋಕೆ ಒಂದು ಕಾರಣ ಕೊಟ್ಟರು.

ಕಾಲೇಜು ಹಂತದಲ್ಲಿ ನಮ್ಮಲ್ಲಿ ಬದಲಾವಣೆ ಆಗೋದು ಪಿಯು ಮುಗಿದಾಗ, ಡಿಗ್ರಿ ಮುಗಿದಾಗ. ಖಾಸಗಿ ವಿಶ್ವವಿದ್ಯಾಲಯಗಳು ಫೀಸ್, ಹಾಸ್ಟೆಲ್ ಬಿಟ್ಟು ಆಟಗಾರ್ತಿಯರನ್ನು ಕರೆಯುತ್ತವೆ. ಇನ್ನೆರಡು ವರ್ಷ ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಲಿ ಅಂತ ಎಂಎಗೆ ಸೇರಿದವರನ್ನು ನಾವೆಲ್ಲ ನೋಡಿದ್ದೀವಿ. ಇಲ್ಲೂ ಒಂದು ಕಾಗದ ಬೇಕು, ನನ್ನ ಎಂಟೆಕ್ ಅಡ್ಮಿಷನ್‌ಗೂ ಬೇಕಾಗಿತ್ತು, ನಿಮಗೂ ಬೇಕಾಗಿರುತ್ತೆ. ಅದರ ಹೆಸರೇ ಮೈಗ್ರೇಷನ್ ಸರ್ಟಿಫಿಕೇಟ್. ಕೌಂಟರ್ ಮುಂದೆ ನಿಂತು "ಬಿಟ್ಟು ಹೋಗೋಕೆ ಅಪ್ಪಣೆ ಕೊಡಿ" ಅಂತ ನಾವೂ ಕೇಳಿದವರೇ.

ಗದಗದ ಸರಗೆ ನಾನು ಹೇಳಿದ್ದು

ಬೆಂಗಳೂರಿನ ಸಂಜನಾ ರಮೇಶ್ ಭಾರತದಲ್ಲಿ ನಡೆದ ಎನ್‌ಬಿಎ ಅಕಾಡೆಮಿ ಶಿಬಿರಗಳ ಮೂಲಕ ಬೆಳೆದು ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯದ ತಂಡ ಸೇರಿದರು, ಡಿವಿಷನ್ ಒಂದರಲ್ಲೇ. ಹಾಗಾಗಿ ಕನ್ನಡದ ನೆಲದಿಂದ ಆ ಬಾಗಿಲು ದಾಟೋಕೆ ಆಗಲ್ಲ ಅಂತ ಹೇಳೋ ಹಾಗಿಲ್ಲ. ಅದು ಫ್ಲ್ಯಾಗ್‌ಸ್ಟಾಫ್ ಅನ್ನೋ ಬೆಟ್ಟದ ಊರಿನ ಮಧ್ಯಮ ಹಂತದ ಕಾಲೇಜ್. ಹೊಸಬರನ್ನು, ದೂರದವರನ್ನು ಗುರುತಿಸಿ ತಿದ್ದೋದು ಹೆಚ್ಚಾಗಿ ಇಂಥ ಕಾಲೇಜುಗಳೇ. ಪೋರ್ಟಲ್‌ನ ಹೊಡೆತ ಹೆಚ್ಚು ಬಿದ್ದಿರೋದೂ ಇವುಗಳ ಮೇಲೆಯೇ.

ಇನ್ನೊಂದು ತೊಡಕು ವೀಸಾ. ಎಫ್-1 ಮೇಲೆ ಹೋದವರಿಗೆ ದುಡಿಯೋಕೆ ಕಟ್ಟುಪಾಡು ಇರೋದರಿಂದ, ಜೊತೆಯವಳು ಜಾಹೀರಾತಿನಿಂದ ಹಣ ಮಾಡುವಾಗ ನಮ್ಮ ಹುಡುಗಿ ವಕೀಲರನ್ನು ಕೇಳಿಯೇ ಹೆಜ್ಜೆ ಇಡಬೇಕು. ಕಾಲೇಜ್ ಬದಲಾಯಿಸಿದರೆ ಹೊಸ ಐ-20, ಸೆವಿಸ್ ದಾಖಲೆಯ ವರ್ಗಾವಣೆ. ಹೆಸರು ಪೋರ್ಟಲ್‌ನಲ್ಲಿ ಹಾಕಿ ಕೆಲಸ ಆಗದಿದ್ದರೆ ಅಮೆರಿಕದ ಹುಡುಗಿ ಮನೆಗೆ ಹೋಗ್ತಾಳೆ. ನಮ್ಮವಳ ಮನೆ ತಳೇಗಾಂವ.

ಹಾಗಾಗಿ ಅವರಿಗೆ ನಾನು ಮೂರು ಮಾತು ಹೇಳಿದೆ. ಒಂದು, ಯಾವ ಕಾಲೇಜ್ ಕರೆದರೂ ಆ ತಂಡದ ಕಳೆದ ಮೂರು ವರ್ಷದ ಪಟ್ಟಿ ತೆಗೆದು ನೋಡಿ. ಅವು ಎಲ್ಲರಿಗೂ ಸಿಗುತ್ತವೆ. ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಜನ ಮೂರನೇ ವರ್ಷದಲ್ಲೂ ಅಲ್ಲೇ ಇದ್ದಾರೆ, ಎಷ್ಟು ನಿಮಿಷ ಆಡಿದ್ದಾರೆ ಅಂತ ಎಣಿಸಿ. ಕೋಚ್ ಬಾಯಲ್ಲಿ ಹೇಳೋದಕ್ಕಿಂತ ಆ ಪಟ್ಟಿ ಹೆಚ್ಚು ನಿಜ ಹೇಳುತ್ತೆ. ಎರಡು, ಆಟ ನಿಂತರೂ ಆ ಕಾಲೇಜಿನಲ್ಲಿ ಅವಳಿಗೆ ಬೇಕಾದ ಡಿಗ್ರಿ ಇದೆಯಾ ನೋಡಿ. ಮೂರು, ಸ್ಕಾಲರ್‌ಶಿಪ್ ಎಷ್ಟು ವರ್ಷಕ್ಕೆ, ಗಾಯ ಆದರೆ ಏನು ಅಂತ ಕಾಗದದ ಮೇಲೆ ಕೇಳಿ. ಆಫರ್ ಲೆಟರ್ ಓದೋದು ನಮಗೇನು ಹೊಸದಲ್ಲವಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ರೀ, ನಾ ನಾಕು ಕಂಪನಿ ಬದಲ್ ಮಾಡೇನಿ. ಪ್ರತಿ ಸಲ ನಮ್ಮಪ್ಪ ಕೇಳ್ತಿದ್ದರು, ಇದ್ದಲ್ಲೇ ಇರಾಕ ಏನಾಗೇದೋ ನಿನಗ ಅಂತ. ಈಗ ಮಗಳಿಗೆ ನಾನೂ ಅದನ್ನ ಕೇಳೂ ಹಂಗಾತೇನ್ರೀ?" ಅಂದರು.

ಕೇಳಬೇಡಿ ಸರ್, ಅಂದೆ. ಈ ಚರಿತ್ರೆ ಓದಿದ ಮೇಲೆ ನನಗನ್ನಿಸಿದ್ದು ಇಷ್ಟೇ. ಬಿಟ್ಟು ಹೋಗೋ ಹಕ್ಕು ದೊಡ್ಡದು, ಅದಕ್ಕಾಗಿ ಹುಡುಗಿಯರು ಸುಮಾರು ನಾಲ್ಕು ದಶಕ ಕಾದಿದ್ದಾರೆ. ಆದರೆ ಆ ಹಕ್ಕು ಕೆಲಸಕ್ಕೆ ಬರೋದು ಮೊದಲು ಯಾರಾದರೂ ಒಳಗೆ ಬಿಟ್ಟುಕೊಂಡವರಿಗೆ. ಹದಿನೇಳನೇ ವಯಸ್ಸಿನ ಹುಡುಗಿಯನ್ನು ಒಳಗೆ ಬಿಟ್ಟುಕೊಂಡು, ಎರಡು ವರ್ಷ ಕಾಯೋ ತಾಳ್ಮೆ ಇರೋ ಕೋಚ್ ಬೇಕು. ನಮ್ಮ ಮೊದಲ ಕೆಲಸದಲ್ಲಿ ಅಂಥ ಒಬ್ಬರು ನಮಗೂ ಸಿಕ್ಕಿದ್ದರು ಅಲ್ವಾ? ನಾವೂ ಎರಡು ವರ್ಷಕ್ಕೆ ಬಿಟ್ಟು ಬಂದೆವು. ಈಗ ನಮ್ಮ ಟೀಮಿಗೆ ಒಬ್ಬ ಫ್ರೆಶರ್ ತಗೊಳ್ಳೋ ಸರದಿ ನಮ್ಮದು.

ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ ಅಕ್ಕ, ಅತ್ತೆ, ಅಮ್ಮ ಯಾರಾದರೂ ಇದ್ದರೆ ಅವರು ಎಲ್ಲಿಂದ ಎಲ್ಲಿಗೆ ಹೋದರು, ಯಾಕೆ ಹೋದರು ಅಂತ ಕೇಳಿ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.